ಕಲಿಸಲು ಬಂದು ಕಲಿತವರು: ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್

ಕನ್ನಡ ನಿಘಂಟು ಎಂದ ಕೂಡಲೇ ಹಿರಿಯರಿಗೆಲ್ಲ ನೆನಪಾಗುವ ಹೆಸರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಆದರೆ ಈ ಮಹನೀಯರು ನಿಘಂಟು ಬರೆಯಲೆಂದು ಭಾರತಕ್ಕೆ ಬಂದವರಲ್ಲ, ಕ್ರೈಸ್ತ ಧರ್ಮವನ್ನು ಸಾರಲು ಬಂದವರು. ಸಾರಲು ಬಂದವರು ಕಲಿಯಲು ಕುಳಿತದ್ದು ಹೇಗೆ ಎಂಬುದನ್ನು ಮುಹರ್ರಕ್‌ನಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳೂ ತಿಳಿಯಬೇಕು.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಸಮುದ್ರ ತೀರಕ್ಕೆ ಹತ್ತಿರದ ರೆಸ್ಟರ್‌ಹಾಫೆ ಎಂಬಲ್ಲಿ. ತಂದೆ ಪಾದ್ರಿ. ಬಾಲ್ಯದಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳ ಅಭ್ಯಾಸವಾಯಿತು. ಹದಿನೆಂಟನೆಯ ವಯಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿದರು. 1853ರಲ್ಲಿ, ಇನ್ನೂ ಇಪ್ಪತ್ತೊಂದು ವರ್ಷದ ಯುವಕ, ಕರ್ನಾಟಕಕ್ಕೆ ಬಂದಿಳಿದರು.

ಬಾಸೆಲ್ ಮಿಷನ್ ಎಂದರೆ ಮಂಗಳೂರಿನ ಕಡೆಯ ಪಾಲಕರಿಗೆ ಬಲ್ಮಠದ ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳು ನೆನಪಾಗಬಹುದು. ನಂಬಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ಕೆಲಸದಲ್ಲಿ ತೋರಿಸಬೇಕೆಂಬುದು ಆ ಕಾಲದ ಅನೇಕ ಮಿಷನರಿಗಳ ಹಂಬಲವಾಗಿತ್ತು. ನಮ್ಮ ಸೇತುವೆಯ ಆಚೆ ಮನಾಮದಲ್ಲಿ 1903ರಲ್ಲಿ ಅಮೆರಿಕನ್ ಮಿಷನ್‌ನವರು ಆಸ್ಪತ್ರೆ ತೆರೆದದ್ದೂ ಇಂಥದೇ ಹಂಬಲದಿಂದ. ಕಿಟ್ಟೆಲ್ ಅವರು ಹಿಡಿದ ದಾರಿ ಇವೆರಡಕ್ಕಿಂತ ಬೇರೆ.

ಜನರಿಗೆ ಏನಾದರೂ ಹೇಳಬೇಕಾದರೆ ಮೊದಲು ಅವರಲ್ಲಿ ಒಬ್ಬನಾಗಬೇಕು ಎಂದು ಅವರು ನಂಬಿದ್ದರು. ಹೋದ ಹೋದಲ್ಲಿ ಅಲ್ಲಿನವರ ರೀತಿಗೆ ತನ್ನನ್ನು ಹೊಂದಿಸಿಕೊಂಡ ಸಂತ ಪೌಲನೇ ಅವರಿಗೆ ಮಾದರಿ. ಬೈಬಲ್ ಓದಿ ಈ ಮಾತನ್ನು ಮೆಚ್ಚಿಕೊಂಡವರು ಬಹಳ ಮಂದಿ ಇದ್ದರು. ಕಿಟ್ಟೆಲ್ ಅದನ್ನು ಮಾಡಿ ನೋಡಲು ಹೊರಟರು. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ತಿರುಗಿದರು, ಜನರ ಮಾತಿಗೆ ಕಿವಿಗೊಟ್ಟರು, ಪಂಡಿತರ ಬಳಿ ಕುಳಿತು ಹಳೆಯ ಕಾವ್ಯಗಳನ್ನು ಓದಿಸಿಕೊಂಡರು.

ಇದು ಅವರ ಜೊತೆಗಾರರಿಗೆ ಹಿಡಿಸಲಿಲ್ಲ. ಸಾರುವ ಕೆಲಸ ಬಿಟ್ಟು ಪರಧರ್ಮದ ಗ್ರಂಥಗಳಲ್ಲಿ ಮುಳುಗಿದ ಈ ತರುಣ ಅವರಿಗೆ ವಿಚಿತ್ರವಾಗಿ ಕಂಡ. ಮನಸ್ತಾಪಗಳಾದವು. ಧರ್ಮಪ್ರಚಾರಕರಾಗಿ ಅವರು ಯಶಸ್ಸು ಪಡೆದರೆಂದು ಅವರ ಕಾಲದವರು ಹೇಳುತ್ತಿರಲಿಲ್ಲ. ಒಂದು ರೀತಿಯಲ್ಲಿ ಬಂದ ಕೆಲಸದಲ್ಲಿ ಸೋತವರೇ ಅವರು. ಮಕ್ಕಳೇ, ಜೀವನ ಚರಿತ್ರೆಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗಂತೂ ಕಿಟ್ಟೆಲರ ಬದುಕಿನಲ್ಲಿ ಇದೇ ಮುಖ್ಯವೆನಿಸುತ್ತದೆ. ಸೋಲಿನಿಂದ ಅವರು ಕಹಿಯಾಗಲಿಲ್ಲ, ಊರಿಗೆ ಓಡಿಹೋಗಲೂ ಇಲ್ಲ. ಕಲಿಸುವ ಗುರುವಾಗಲು ಬಂದವರು ಇಲ್ಲಿನ ಜನರ ಶಿಷ್ಯರಾಗಿ ಉಳಿದರು.

1862ರಲ್ಲಿ ಅವರ 'ಕಥಾಮಾಲೆ' ಪ್ರಕಟವಾಯಿತು. ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯ ರೂಪದಲ್ಲಿ ಹೇಳಿದ ಪುಸ್ತಕವದು. ತನ್ನ ದೇವರ ಕಥೆಯನ್ನು ಕನ್ನಡಿಗರ ಧಾಟಿಯಲ್ಲಿ ಹೇಳುವಷ್ಟು ಭಾಷೆ ಒಂಬತ್ತೇ ವರ್ಷದಲ್ಲಿ ಅವರಿಗೆ ಒಲಿದಿತ್ತು. ಎರಡು ವರ್ಷಗಳ ತರುವಾಯ ಪತ್ನಿ ಪಾಲಿನ್ ತೀರಿಕೊಂಡರು. 1867ರಲ್ಲಿ ಪಾಲಿನ್ ಅವರ ತಂಗಿ ಜೂಲಿಯನ್ನು ವಿವಾಹವಾದರು. ಕೆಲಸ ಮಾತ್ರ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', ಮಡಿಕೇರಿಯಲ್ಲಿದ್ದಾಗ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ, ಹೀಗೆ ತಾಳೆಗರಿಗಳಲ್ಲಿದ್ದ ನಮ್ಮ ಹಳೆಯ ಶಾಸ್ತ್ರಗ್ರಂಥಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಇನ್ನು ನಿಘಂಟಿನ ಮಾತು. ಕನ್ನಡಕ್ಕೆ ಮೊದಲು ನಿಘಂಟೇ ಇರಲಿಲ್ಲ ಎಂದು ತಿಳಿಯಬಾರದು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಕಿಟ್ಟೆಲ್ ಹುಟ್ಟಿದ ವರ್ಷವೇ ಅಚ್ಚಾಗಿತ್ತು. ಕಿಟ್ಟೆಲ್ ಮಾಡಿದ್ದು ಅದಕ್ಕಿಂತ ಬಹು ದೊಡ್ಡ ಕೆಲಸ. ಹಳಗನ್ನಡ ಕಾವ್ಯಗಳ ಮಾತು, ಅಡುಗೆಮನೆಯ ಮಾತು, ಹೊಲದ ಮಾತು, ಒಂದೊಂದು ಸೀಮೆಯ ಬಳಕೆ, ಎಲ್ಲವನ್ನೂ ಕೂಡಿಸಿದರು. ಶಬ್ದ ಹೇಗೆ ಬಳಕೆಯಾಗುತ್ತದೆ ಎಂದು ತೋರಿಸಲು ಗಾದೆಗಳನ್ನು ಕೊಟ್ಟರು. ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳಲ್ಲಿರುವ ಅದರ ಬಂಧುಗಳನ್ನೂ ಹೇಳಿದರು. ಇಷ್ಟೆಲ್ಲವನ್ನೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಬರಹದಲ್ಲೇ ಮಾಡಬೇಕಿತ್ತು. ಊರಿನ ಪಂಡಿತರ ನೆರವು ಇತ್ತು. ನಡುವೆ ಜರ್ಮನಿಗೆ ಮರಳಿದ್ದವರು ಐವತ್ತು ದಾಟಿದ ಮೇಲೆ ಇದಕ್ಕಾಗಿಯೇ ಮತ್ತೆ ಭಾರತಕ್ಕೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳು, 1752 ಪುಟಗಳು!

ಹಿಂದೂ, ಜೈನ, ವೀರಶೈವ ಕವಿಗಳು ಬಳಸಿದ ಮಾತಿಗೂ ಹಳ್ಳಿಯ ಆಡುಮಾತಿಗೂ ಅದರಲ್ಲಿ ಜಾಗವಿದೆ. ಬೇರೆಯವರ ನಂಬಿಕೆಯನ್ನು ಬದಲಿಸಲು ಬಂದ ತರುಣನೇ ಅವರ ಒಂದೊಂದು ಮಾತನ್ನೂ ಹೀಗೆ ಜತನದಿಂದ ಎತ್ತಿಟ್ಟ. ಕ್ರೈಸ್ತ ವಿಶ್ವಾಸವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಬದಲಾದದ್ದು ಅವರು ಅದನ್ನು ಬದುಕಿದ ಬಗೆ.

1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆಗಲೂ ಅವರು ಸುಮ್ಮನೆ ಕೂರಲಿಲ್ಲ, ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಟ್ಯೂಬಿಂಗನ್‌ನಲ್ಲಿ, ಕನ್ನಡ ನಾಡಿನಿಂದ ಬಹುದೂರದಲ್ಲಿ, ಅವರು ಕಣ್ಣುಮುಚ್ಚಿದರು.

ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಈ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಹಳೆಯ ಮುದ್ರಣ ಈಗ ಅಂತರ್ಜಾಲದಲ್ಲೂ ಸಿಗುತ್ತದೆ. ಪಾಲಕರು ಒಂದು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆರೆಯಬಹುದು. ಮುತ್ತು ತೆಗೆಯುವವರ ಊರಾಗಿದ್ದ ಮುಹರ್ರಕ್‌ನಲ್ಲಿ ಇರುವ ನಾವು 'ಮುತ್ತು' ಎಂಬ ಮಾತಿನಿಂದಲೇ ಶುರುಮಾಡೋಣ. ಸಮುದ್ರದ ಮುತ್ತು, ಅಮ್ಮ ಕೊಡುವ ಮುತ್ತು, ಶತ್ರುಗಳು ಕೋಟೆಯನ್ನು ಮುತ್ತುವುದು. ಇನ್ನೂ ಏನೇನಿದೆ ಎಂದು ಮಕ್ಕಳೇ ಹುಡುಕಲಿ.