ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಹೋದ ಕೋಚ್: 22ನೇ ವಯಸ್ಸಿಗೆ ಕಾಲೇಜು ಸೇರಿದ ನೂಟ್ ರಾಕ್ನಿ ಕಥೆ

ಮಾರ್ಚ್ 31 ಅಂದ್ರೆ ಅಂಗಡಿ ಇಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ. ಸ್ಟಾಕ್ ಎಣಿಸೋದು, ಉದ್ರಿ ಬುಕ್ಕು ತೆಗೆಯೋದು, ಆಡಿಟರ್ ಆಫೀಸಿಗೆ ಓಡೋದು. 1931ರಲ್ಲಿ ಇದೇ ದಿನ ಅಮೆರಿಕದ ಕಾನ್ಸಾಸ್ ರಾಜ್ಯದ ಬಜಾರ್ ಅನ್ನೋ ಸಣ್ಣ ಊರಿನ ಹತ್ತಿರ, ಹುಲ್ಲುಗಾವಲಿನಲ್ಲಿ ವಿಮಾನ ಬಿದ್ದು 8 ಜನ ಸತ್ತರು. ಅವರಲ್ಲಿ ಒಬ್ಬರು ಕಾಲೇಜು ಫುಟ್‌ಬಾಲ್ ಕೋಚ್. ವಯಸ್ಸು 43. ಹೆಸರು ನೂಟ್ ರಾಕ್ನಿ.

ಇದು ನಾವು ಆಡೋ ಕಾಲ್ಚೆಂಡು ಅಲ್ಲ. ಅಮೆರಿಕದ ಫುಟ್‌ಬಾಲ್ ಬೇರೆ. ಮೊಟ್ಟೆ ಆಕಾರದ ಚೆಂಡು, ಒಂದೊಂದು ಕಡೆ 11 ಜನ. ಚೆಂಡನ್ನು ಕೈಯಲ್ಲಿ ಹಿಡ್ಕೊಂಡು ಎದುರಾಳಿಗಳ ಗೆರೆ ದಾಟಿಸಬೇಕು. 4 ಪ್ರಯತ್ನದೊಳಗೆ 10 ಗಜ ಮುಂದೆ ಹೋಗದಿದ್ರೆ ಚೆಂಡು ಎದುರಿನವರ ಪಾಲು. ಚೆಂಡು ಇರೋ ತಂಡದ ಆಟಕ್ಕೆ ಆಫೆನ್ಸ್ ಅಂತಾರೆ. ನಮ್ಮ ಕಬಡ್ಡಿಯಲ್ಲಿ ರೈಡಿಂಗ್ ಇದ್ದ ಹಾಗೆ ಅಂದ್ಕೊಳ್ಳಿ. ಈ ಆಫೆನ್ಸ್ ಹೇಗೆ ಆಡಬೇಕು ಅಂತ ಇಡೀ ದೇಶಕ್ಕೆ ತೋರಿಸಿದವರಲ್ಲಿ ರಾಕ್ನಿ ಹೆಸರು ಮೊದಲ ಸಾಲಿನಲ್ಲಿದೆ.

ಟಪಾಲು ವಿಂಗಡಿಸುತ್ತಿದ್ದ ಹುಡುಗ

ರಾಕ್ನಿ ಹುಟ್ಟಿದ್ದು ಅಮೆರಿಕದಲ್ಲಲ್ಲ. 1888ರ ಮಾರ್ಚ್ 4ರಂದು ನಾರ್ವೆ ದೇಶದ ವಾಸ್ ಅನ್ನೋ ಊರಲ್ಲಿ. ಅಪ್ಪ ಕುದುರೆ ಗಾಡಿ ಮಾಡೋ ಕಸುಬಿನವರು. 1893ರಲ್ಲಿ ಶಿಕಾಗೋದಲ್ಲಿ ದೊಡ್ಡ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿ ಅಪ್ಪ ಹಡಗು ಹತ್ತಿದರು, ಹಿಂದೆಯೇ ಮನೆಯವರೂ ಹೋದರು. ಆಗ ಹುಡುಗನಿಗೆ 5 ವರ್ಷ.

ಹೈಸ್ಕೂಲ್ ಆದ ಮೇಲೆ ಕಾಲೇಜಿಗೆ ಹೋಗಲಿಲ್ಲ. ಶಿಕಾಗೋ ಅಂಚೆ ಕಚೇರಿಯಲ್ಲಿ ಸುಮಾರು 4 ವರ್ಷ ಟಪಾಲು ವಿಂಗಡಿಸೋ ಕೆಲಸ ಮಾಡಿದರು. ಸಂಬಳದಲ್ಲಿ ಉಳಿಸಿ ಉಳಿಸಿ ಫೀಸಿಗೆ ದುಡ್ಡು ಕೂಡಿಸಿದರು. 1910ರಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿರೋ ನೋಟ್ರ್ ಡೇಮ್ ಸೇರಿದಾಗ ಅವರಿಗೆ 22. ಓರಗೆಯವರು ಓದು ಮುಗಿಸೋ ವಯಸ್ಸಲ್ಲಿ ಇವರದ್ದು ಮೊದಲ ವರ್ಷ.

ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಅವರ ದಾಖಲೆಗಳಿಗಿಂತ ಹೆಚ್ಚು ತಟ್ಟಿದ್ದು ಈ ಜಾಗವೇ. ಲೇಟಾಗಿ ಬಂದರೂ ಅವರು ಓದಿನಲ್ಲಿ ಹಿಂದೆ ಬೀಳಲಿಲ್ಲ. 1914ರಲ್ಲಿ ಒಳ್ಳೆ ಅಂಕ ತಗೊಂಡು ಪಾಸಾದರು. ಅದೇ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಜೂಲಿಯಸ್ ನ್ಯೂಲೆಂಡ್ ಅನ್ನೋ ವಿಜ್ಞಾನಿಗೆ ಸಹಾಯಕರಾದರು. ಕೃತಕ ರಬ್ಬರ್ ತಯಾರಿಕೆಗೆ ದಾರಿ ಮಾಡಿದವರು ಈ ನ್ಯೂಲೆಂಡ್. ಬೆಳಗ್ಗೆ ಲ್ಯಾಬು, ಸಂಜೆ ಸಹಾಯಕ ಕೋಚ್ ಕೆಲಸ. ಅದೇ ವರ್ಷ ಬಾನಿ ಸ್ಕೈಲ್ಸ್ ಜೊತೆ ಮದುವೆಯೂ ಆಯಿತು.

ರಜೆಯಲ್ಲಿ ಮಾಡಿದ ಅಭ್ಯಾಸ

ಚೆಂಡನ್ನು ಮುಂದಕ್ಕೆ ಎಸೆಯೋದಕ್ಕೆ, ಅಂದ್ರೆ ಫಾರ್ವರ್ಡ್ ಪಾಸಿಗೆ, 1906ರಲ್ಲೇ ನಿಯಮದಲ್ಲಿ ಅನುಮತಿ ಸಿಕ್ಕಿತ್ತು. ಆದ್ರೆ ದೊಡ್ಡ ತಂಡಗಳು ಅದನ್ನ ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. ಗುಂಪಾಗಿ ನುಗ್ಗೋದೇ ಆಟ ಅಂತ ಇತ್ತು.

1913ರ ಬೇಸಿಗೆ ರಜೆಯಲ್ಲಿ ರಾಕ್ನಿ ಮತ್ತು ಗೆಳೆಯ ಗಸ್ ಡೊರಾಯ್ಸ್ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಅನ್ನೋ ಕೆರೆದಂಡೆ ಪ್ರವಾಸಿ ತಾಣದಲ್ಲಿ ಕೆಲಸಕ್ಕೆ ಹೋದರು. ಕೆಲಸ ಮುಗಿದ ಮೇಲೆ ಮರಳಿನ ಮೇಲೆ ಒಬ್ಬರು ಎಸೆಯೋದು, ಇನ್ನೊಬ್ಬರು ಓಡುತ್ತಾ ಹಿಡಿಯೋದು. ಎದೆಗೆ ಒತ್ತಿ ಹಿಡಿಯೋದಲ್ಲ, ಬರೀ ಅಂಗೈಯಲ್ಲಿ.

ಅದೇ ವರ್ಷ ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಆರ್ಮಿ ತಂಡದ ವಿರುದ್ಧ ಪಂದ್ಯ. ಆರ್ಮಿ ಬಲಿಷ್ಠ ತಂಡ, ನೋಟ್ರ್ ಡೇಮ್ ಹೆಸರು ಪೂರ್ವದ ಊರುಗಳಲ್ಲಿ ಕೇಳಿದವರೇ ಕಡಿಮೆ. ಡೊರಾಯ್ಸ್ ಎಸೆದ ಪಾಸುಗಳು ಸೈನಿಕರ ತಲೆ ಮೇಲಿಂದ ಹೋದವು. ಕೊನೆಗೆ 35-13ರಲ್ಲಿ ಗೆಲುವು. ಫಾರ್ವರ್ಡ್ ಪಾಸ್ ಕಂಡುಹಿಡಿದವರು ಇವರಲ್ಲ. ಆದ್ರೆ ಅದನ್ನ ನಂಬಿಕೊಂಡು ದೊಡ್ಡ ತಂಡವನ್ನೂ ಸೋಲಿಸಬಹುದು ಅಂತ ಎಲ್ಲರ ಕಣ್ಣಿಗೆ ಬಿದ್ದದ್ದು ಆವತ್ತು.

ಬಲಕ್ಕಿಂತ ಟೈಮಿಂಗ್

1918ರಲ್ಲಿ ರಾಕ್ನಿ ಮುಖ್ಯ ಕೋಚ್ ಆದರು. ಅವರ ಆಫೆನ್ಸಿನ ಗುಟ್ಟು ಟೈಮಿಂಗ್. ಹಿಂದಿನ ಸಾಲಿನ ನಾಲ್ವರು ಒಂದು ಜಾಗದಲ್ಲಿ ನಿಲ್ಲೋರು. ಚೆಂಡು ಕೈಗೆ ಬರೋ ಮುಂಚೆ ನಾಲ್ವರೂ ಒಟ್ಟಿಗೆ ಹೆಜ್ಜೆ ಹಾಕಿ ಇನ್ನೊಂದು ಜಾಗಕ್ಕೆ ಸರಿಯೋರು. ಎದುರಿನವರು ಜಾಗ ಬದಲಿಸೋ ಹೊತ್ತಿಗೆ ಆಟ ಶುರು. ಇದನ್ನ ನೋಟ್ರ್ ಡೇಮ್ ಶಿಫ್ಟ್ ಅಂತ ಕರೆದರು. ಇದನ್ನ ತಡೆಯೋಕೆ ಆಗದೆ, ಸರಿದ ಮೇಲೆ ಸುಮಾರು ಒಂದು ಸೆಕೆಂಡ್ ಪೂರ್ತಿ ನಿಲ್ಲಬೇಕು ಅಂತ ನಿಯಮವನ್ನೇ ತಿದ್ದಿದರು.

1924ರ ತಂಡದ ಹಿಂದಿನ ಸಾಲಲ್ಲಿ ಇದ್ದವರು ಸ್ಟೂಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್. ತೂಕ ಸರಾಸರಿ 72 ಕೆಜಿ ಆಸುಪಾಸು. ಈ ಆಟಕ್ಕೆ ಅದು ಸಣ್ಣ ಮೈಕಟ್ಟು. ಅಕ್ಟೋಬರ್ 18ರಂದು ನ್ಯೂಯಾರ್ಕ್‌ನಲ್ಲಿ ಆರ್ಮಿಯನ್ನ 13-7ರಲ್ಲಿ ಸೋಲಿಸಿದಾಗ ಗ್ರಾಂಟ್‌ಲೆಂಡ್ ರೈಸ್ ಅನ್ನೋ ಪತ್ರಕರ್ತ ಇವರಿಗೆ ನಾಲ್ಕು ಕುದುರೆ ಸವಾರರು ಅಂತ ಹೆಸರಿಟ್ಟರು. ಊರಿಗೆ ವಾಪಸ್ ಬಂದ ಮೇಲೆ ನಾಲ್ವರನ್ನೂ ಕುದುರೆ ಮೇಲೆ ಕೂರಿಸಿ ತೆಗೆದ ಫೋಟೋ ದೇಶದ ತುಂಬಾ ಹೋಯಿತು. ಆ ಸೀಸನ್ ತಂಡ ಸೋಲಲೇ ಇಲ್ಲ. 1925ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನ 27-10ರಲ್ಲಿ ಸೋಲಿಸಿದರು.

ಎಡವಿದ್ದೂ ಉಂಟು

ದೊಡ್ಡವರ ಕಥೆ ಅಂದ್ರೆ ಬರೀ ಹೊಗಳಿಕೆ ಆಗಬಾರದು. 1925ರ ಕೊನೆಗೆ ನೋಟ್ರ್ ಡೇಮ್ ಜೊತೆ ಒಪ್ಪಂದ ಇರುವಾಗಲೇ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಲಸಕ್ಕೂ ಸಹಿ ಹಾಕಿದರು. ಸುದ್ದಿ ಹೊರಗೆ ಬಂದು ಮುಜುಗರವಾಗಿ ಹಿಂದೆ ಸರಿದರು.

1926ರಲ್ಲಿ ಇನ್ನೊಂದು. ಕಾರ್ನೆಗಿ ಟೆಕ್ ತಂಡ ಏನು ಮಹಾ ಅಂತ ಪಂದ್ಯವನ್ನ ಸಹಾಯಕರಿಗೆ ಬಿಟ್ಟು, ತಾವು ಆರ್ಮಿ-ನೇವಿ ಪಂದ್ಯ ನೋಡೋಕೆ ಶಿಕಾಗೋಗೆ ಹೋದರು. ಇತ್ತ ತಂಡ 19-0ರಲ್ಲಿ ಸೋತಿತು. ಆ ಸೀಸನ್ನಿನ ಒಂದೇ ಸೋಲು ಅದು. ಮಾಲೀಕರು ಇಲ್ಲದ ದಿನ ಅಂಗಡಿ ಏನಾಗುತ್ತೆ ಅಂತ ವ್ಯಾಪಾರಸ್ಥರಿಗೆ ಗೊತ್ತು.

1928 ಅವರ ಕೆಟ್ಟ ವರ್ಷ. 5 ಗೆಲುವು, 4 ಸೋಲು. ಆ ವರ್ಷದ ಆರ್ಮಿ ಪಂದ್ಯದಲ್ಲಿ ಅವರು ಹುಡುಗರಿಗೆ ಜಾರ್ಜ್ ಗಿಪ್ ನೆನಪು ತೆಗೆದರು. ಗಿಪ್ ಅವರ ಅತ್ಯುತ್ತಮ ಆಟಗಾರ, 1920ರ ಡಿಸೆಂಬರ್‌ನಲ್ಲಿ ಕಾಯಿಲೆ ಬಿದ್ದು 25ನೇ ವಯಸ್ಸಿಗೆ ತೀರಿಕೊಂಡಿದ್ದ. ತಂಡ ಕಷ್ಟದಲ್ಲಿದ್ದಾಗ ನನಗೋಸ್ಕರ ಒಂದು ಪಂದ್ಯ ಗೆಲ್ಲಿ ಅಂತ ಅವನು ಸಾಯೋ ಮುಂಚೆ ಕೇಳಿಕೊಂಡಿದ್ದ ಅಂತ ರಾಕ್ನಿ 8 ವರ್ಷ ಆದ ಮೇಲೆ ಹೇಳಿದರು. ಗಿಪ್ ನಿಜವಾಗ್ಲೂ ಹಾಗೆ ಹೇಳಿದ್ನಾ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ. ತಂಡ ಮಾತ್ರ 12-6ರಲ್ಲಿ ಗೆದ್ದಿತು.

ಗಾಲಿ ಕುರ್ಚಿ, ಕೊನೆಯ ವಿಮಾನ

1929ರಲ್ಲಿ ಕಾಲಿನ ರಕ್ತನಾಳದ ಕಾಯಿಲೆ ಹಿಡಿಯಿತು. ಹೊಸ ಸ್ಟೇಡಿಯಂ ಕಟ್ಟುತ್ತಿದ್ದ ಕಾರಣ ಆ ವರ್ಷ ಸ್ವಂತ ಮೈದಾನವೂ ಇರಲಿಲ್ಲ. ಗಾಲಿ ಕುರ್ಚಿಯಲ್ಲಿ ಕೂತೇ ಕೋಚಿಂಗ್ ಮಾಡಿದರು. ಎಲ್ಲಾ 9 ಪಂದ್ಯ ಗೆದ್ದರು. 1930ರಲ್ಲಿ ಹೊಸ ಸ್ಟೇಡಿಯಂ ತೆರೆಯಿತು, 10ಕ್ಕೆ 10 ಗೆದ್ದರು.

ಸೌತ್ ಬೆಂಡ್‌ನ ಸ್ಟೂಡ್‌ಬೇಕರ್ ಕಾರ್ ಕಂಪನಿ ತನ್ನ ಮಾರಾಟಗಾರರಿಗೆ ಹುರುಪು ತುಂಬೋಕೆ ಇವರಿಂದ ಭಾಷಣ ಮಾಡಿಸುತ್ತಿತ್ತು. ಇವರು ತೀರಿಕೊಂಡ ಮೇಲೆ ರಾಕ್ನಿ ಅನ್ನೋ ಹೆಸರಲ್ಲೇ ಕಾರು ಬಿಟ್ಟಿತು. ಆರ್ಥಿಕ ಕುಸಿತದ ಕಾಲ, ಆ ಕಾರು ಹೆಚ್ಚು ದಿನ ಓಡಲಿಲ್ಲ.

1931ರ ಮಾರ್ಚ್ 31ರ ಬೆಳಗ್ಗೆ, ಒಂದು ಸಿನಿಮಾ ಕೆಲಸಕ್ಕೆ ಲಾಸ್ ಏಂಜಲೀಸ್‌ಗೆ ಹೋಗಲು ಕಾನ್ಸಾಸ್ ಸಿಟಿಯಲ್ಲಿ ವಿಮಾನ ಹತ್ತಿದರು. ಅಲ್ಲೇ ಓದುತ್ತಿದ್ದ ಇಬ್ಬರು ಗಂಡು ಮಕ್ಕಳನ್ನ ನೋಡಬೇಕು ಅಂತಿದ್ದರು. ಅವರ ರೈಲು ತಡವಾಗಿ ಭೇಟಿ ತಪ್ಪಿತು.

ವಿಮಾನದ ರೆಕ್ಕೆ ಮರದ್ದು. ಒಳಗೆ ತೇವ ಸೇರಿ ಅಂಟು ಸಡಿಲಾಗಿತ್ತು. ಹಾರುವಾಗಲೇ ರೆಕ್ಕೆ ಕಿತ್ತು ಬಂತು. ಸತ್ತವರು ದೇಶಕ್ಕೇ ಬೇಕಾದ ಮನುಷ್ಯ ಆಗಿದ್ದರಿಂದ ಕಾರಣ ಏನು ಅಂತ ಜನ ಗಟ್ಟಿಯಾಗಿ ಕೇಳಿದರು. ತನಿಖೆಯ ವಿವರ ಬಹಿರಂಗ ಮಾಡೋ ಪದ್ಧತಿಗೆ ಈ ಒತ್ತಡ ದಾರಿಯಾಯಿತು. ಮರದ ರೆಕ್ಕೆ ವಿಮಾನಗಳು ಹಿಂದೆ ಸರಿದು, ಪೂರ್ತಿ ಲೋಹದ ವಿಮಾನಗಳು ಬೇಗ ಬಂದವು.

13 ಸೀಸನ್ನಿನ ಅವರ ಲೆಕ್ಕ ಹೀಗಿದೆ: 105 ಗೆಲುವು, 12 ಸೋಲು, 5 ಡ್ರಾ. ಈ ಪುಸ್ತಕ ಮುಗಿದ ದಿನವೂ ಮಾರ್ಚ್ 31. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು ಉಳಿದರು. ಇವತ್ತು ವಿಮಾನ ಹತ್ತೋರು ಯಾರೂ ರೆಕ್ಕೆಯ ಅಂಟಿನ ಬಗ್ಗೆ ಯೋಚನೆ ಮಾಡಲ್ಲ. ಆ ನೆಮ್ಮದಿಯ ಖರ್ಚಿನಲ್ಲಿ ಅಂಚೆ ಕಚೇರಿಯಿಂದ ಲೇಟಾಗಿ ಕಾಲೇಜಿಗೆ ಬಂದ ಆ ಹುಡುಗನ ಪಾಲೂ ಇದೆ.