ಪಾಪಾಯ್‌ನ ಜನಕ ಎಲ್ಜಿ ಸೀಗರ್

ಕೆಂಪು ಟೊಪ್ಪಿಗೆ, ತುಂಬುಮೀಸೆಯ ಮಾರಿಯೋನನ್ನು ನಮ್ಮ ಮಕ್ಕಳು ಚೆನ್ನಾಗಿ ಬಲ್ಲರು. ಆದರೆ ಅವನ ಹುಟ್ಟಿಗೆ ಪರೋಕ್ಷವಾಗಿ ಕಾರಣರಾದವರು, ವಿಡಿಯೋ ಆಟಗಳು ಬರುವ ಎಷ್ಟೋ ಮೊದಲೇ ತೀರಿಕೊಂಡ ಒಬ್ಬ ಚಿತ್ರಕಾರರು ಎಂಬುದು ಹಲವರಿಗೆ ತಿಳಿದಿರಲಾರದು. ಅವರೇ ಎಲ್ಜಿ ಕ್ರಿಸ್ಲರ್ ಸೀಗರ್.

ಸೀಗರ್ ಅವರು 1894ನೆಯ ಇಸವಿ ಡಿಸೆಂಬರ್ 8ರಂದು ಅಮೆರಿಕದ ಇಲಿನಾಯ್ ರಾಜ್ಯದ ಚೆಸ್ಟರ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅದು ಮಿಸಿಸಿಪ್ಪಿ ನದಿಯ ದಂಡೆಯ ಊರು. ತಂದೆ ಮನೆಗಳಿಗೆ ಬಣ್ಣ ಬಳಿಯುವುದೇ ಮೊದಲಾದ ಕೈಕೆಲಸಗಳಿಂದ ಸಂಸಾರ ತೂಗಿಸುತ್ತಿದ್ದರು. ಮಗನೂ ಅವರಿಗೆ ನೆರವಾಗುತ್ತಿದ್ದನು. ಊರಿನ ನಾಟಕಶಾಲೆಯಲ್ಲಿ ಸಿನೆಮಾ ಯಂತ್ರ ನಡೆಸುವುದು, ಮೂಕಿ ಚಿತ್ರಕ್ಕೆ ಡ್ರಮ್ ಬಾರಿಸುವುದು ಅವನ ಮುಂದಿನ ಕೆಲಸಗಳಾದವು. ಹದಿನೆಂಟರ ವಯಸ್ಸಿಗೆ ವ್ಯಂಗ್ಯಚಿತ್ರಕಾರನಾಗಬೇಕೆಂಬ ಹಂಬಲ ಹುಟ್ಟಿ, ಅಂಚೆಯ ಮೂಲಕ ಪಾಠ ಕಳಿಸುವ ಶಾಲೆಯೊಂದಕ್ಕೆ ಹೆಸರು ಹಚ್ಚಿಸಿದನು. ಆಟ ಮುಗಿದು ಜನರೆಲ್ಲ ಮನೆ ಸೇರಿದ ಮೇಲೆ ನಡುರಾತ್ರಿ ಎಣ್ಣೆಯ ದೀಪ ಹಚ್ಚಿಕೊಂಡು ಬೆಳಗಿನ ಮೂರು ಗಂಟೆಯವರೆಗೆ ಚಿತ್ರ ಬರೆಯುತ್ತಿದ್ದನು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಎಚ್ಚರವಾಗಿರುವ ನಮ್ಮ ವಿದ್ಯಾರ್ಥಿಗಳು ಈ ಸಾಲನ್ನು ಎರಡು ಬಾರಿ ಓದಬಹುದು!

ಮುಂದೆ ಶಿಕಾಗೋ ನಗರ ಸೇರಿದ ಸೀಗರ್ ಅವರಿಗೆ 1916ರಲ್ಲಿ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು. ಅದೂ ಸ್ವಂತ ಕಲ್ಪನೆಯ ಕೆಲಸವಲ್ಲ. ಆಗ ಮನೆಮಾತಾಗಿದ್ದ ಚಾರ್ಲಿ ಚಾಪ್ಲಿನ್ನರ ಹೆಸರಿನ ಚಿತ್ರಕಥೆಯನ್ನು ಮುಂದುವರಿಸುವುದು. ಇನ್ನೊಬ್ಬರ ಖ್ಯಾತಿಯ ನೆರಳಿನಲ್ಲಿ ಅವರ ಕಸುಬು ಮೊದಲಾಯಿತು.

1919ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅವರದೇ ಆದ ಚಿತ್ರಕಥೆ, ‘ಥಿಂಬಲ್ ಥಿಯೇಟರ್’, ಪ್ರಾರಂಭವಾಯಿತು. ತಮ್ಮ ಹೆಸರು ಸಿಗಾರಿಗೆ ಹತ್ತಿರವೆಂದು ಸಹಿಯ ಜೊತೆ ಒಂದು ಸಿಗಾರ್ ತುಂಡನ್ನೂ ಬರೆಯುತ್ತಿದ್ದರು. ಆಲಿವ್ ಆಯಿಲ್ ಎಂಬ ಕಡ್ಡಿದೇಹದ ಹುಡುಗಿ, ಅವಳ ಅಣ್ಣ ಕ್ಯಾಸ್ಟರ್ ಅದರ ಮುಖ್ಯ ಪಾತ್ರಗಳು. ಹೀಗೇ ಒಂಬತ್ತು ವರ್ಷ ಕಳೆದವು. 1929ರ ಜನವರಿ 17ರಂದು ಕ್ಯಾಸ್ಟರನ ಹಡಗು ನಡೆಸಲು ಕೂಲಿಯವನಾಗಿ ಒಬ್ಬ ನಾವಿಕ ಬಂದನು. ಕಣ್ಣು ಒಂದೇ, ಮುಂಗೈ ದಪ್ಪ, ಬಾಯಲ್ಲಿ ಪೈಪು. ಅವನೇ ಪಾಪಾಯ್. ನಾಲ್ಕು ದಿನವಿದ್ದು ಹೋಗಬೇಕಾದ ಪಾತ್ರವದು. ಓದುಗರು ಬಿಡಲಿಲ್ಲ, ಹೋದವನನ್ನು ಮರಳಿ ಕರೆಸಬೇಕಾಯಿತು. ಕೊನೆಗೆ ಮನೆಯವರೆಲ್ಲ ಹಿಂದೆ ಸರಿದು ಆಳೇ ಯಜಮಾನನಾದನು! ಮೊದಮೊದಲು ಅವನ ಶಕ್ತಿಗೆ ಪಾಲಕ್ ಸೊಪ್ಪು ಕಾರಣವಾಗಿರಲಿಲ್ಲ, ಒಂದು ಮಾಯಾಕೋಳಿಯ ತಲೆ ಸವರಿದ್ದು ಕಾರಣ. ಸೊಪ್ಪು ಆಮೇಲೆ ಬಂದಿತು. 1937ರಲ್ಲಿ ಟೆಕ್ಸಸ್ಸಿನ ಕ್ರಿಸ್ಟಲ್ ಸಿಟಿ ಎಂಬ ಪಾಲಕ್ ಬೆಳೆಗಾರರ ಊರಿನಲ್ಲಿ ಪಾಪಾಯ್‌ಗೆ ಪ್ರತಿಮೆಯನ್ನೇ ನಿಲ್ಲಿಸಿದರು. 1933ರಿಂದ ಅವನು ಚಲನಚಿತ್ರಗಳಲ್ಲಿಯೂ ಕಾಣಿಸಿಕೊಂಡನು.

ಆದರೆ ಪಾಪಾಯ್‌ನ ಹಕ್ಕು ಅವನನ್ನು ಬರೆದವರದಾಗಿರಲಿಲ್ಲ. ಪತ್ರಿಕೆಗಳಿಗೆ ಚಿತ್ರಕಥೆ ಒದಗಿಸುವ ಕಿಂಗ್ ಫೀಚರ್ಸ್ ಸಂಸ್ಥೆಯದಾಗಿತ್ತು. 1938ರ ಅಕ್ಟೋಬರ್ 13ರಂದು ಸೀಗರ್ ಅವರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕಾಯಿಲೆಯಿಂದ ನಿಧನರಾದರು. ಆಗ ಅವರಿಗೆ ಕೇವಲ 43 ವರ್ಷ. ಪಾಪಾಯ್‌ನ ಕಥೆಯನ್ನು ಸಂಸ್ಥೆಯು ಬೇರೆ ಕೈಗಳಿಂದ ಬರೆಸುತ್ತ ಹೋಯಿತು.

ಇನ್ನು ಜಪಾನಿಗೆ ಬರೋಣ. 1981ರಲ್ಲಿ ನಿಂಟೆಂಡೋ ಕಂಪನಿಯ ತರುಣ ಚಿತ್ರಕಾರ ಶಿಗೆರು ಮಿಯಾಮೊಟೊ ಹೊಸ ಆಟವೊಂದಕ್ಕೆ ಪಾಪಾಯ್, ಆಲಿವ್ ಮತ್ತು ದಾಂಡಿಗ ಬ್ಲೂಟೋ ಈ ಮೂವರನ್ನು ಬಳಸಬೇಕೆಂದಿದ್ದರು. ಹಕ್ಕು ದೊರೆಯಲಿಲ್ಲ. ಬ್ಲೂಟೋನ ಜಾಗಕ್ಕೆ ಗೊರಿಲ್ಲ, ಆಲಿವ್‌ಳ ಜಾಗಕ್ಕೆ ಬೇರೊಬ್ಬ ಹುಡುಗಿ, ಪಾಪಾಯ್‌ನ ಜಾಗಕ್ಕೆ ಒಬ್ಬ ಬಡಗಿ ಬಂದನು. ಏಣಿ ಹತ್ತಿ ಪೀಪಾಯಿ ಹಾರುವ ಆ ಆಟವೇ ‘ಡಾಂಕಿ ಕಾಂಗ್’. ಆ ಬಡಗಿಯೇ ಮುಂದೆ ಮಾರಿಯೋ. ಮರುವರ್ಷ ಅನುಮತಿ ಸಿಕ್ಕಿ ‘ಪಾಪಾಯ್’ ಆಟವೂ ಬಂದಿತು. ಅದರಲ್ಲಿ ಆಲಿವ್ ಮೇಲಿನಿಂದ ಉದುರಿಸುವ ಹೃದಯ, ಸ್ವರಚಿಹ್ನೆ, ಅಕ್ಷರಗಳನ್ನು ಪಾಪಾಯ್ ಹಿಡಿಯಬೇಕು. ಏಣಿ ಹತ್ತಬಲ್ಲನು, ಗುದ್ದಬಲ್ಲನು, ಆದರೆ ಬಡಗಿಯ ಹಾಗೆ ನೆಗೆಯಲಾರನು. 1983ರ ಜುಲೈ 15ರಂದು ನಿಂಟೆಂಡೋದ ‘ಫ್ಯಾಮಿಕಾಮ್’ ಎಂಬ ಮನೆಬಳಕೆಯ ಆಟದ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಅದರೊಡನೆ ದೊರೆತ ಆಟಗಳು ಮೂರೇ: ಡಾಂಕಿ ಕಾಂಗ್, ಅದರ ಮರಿ, ಮತ್ತು ಪಾಪಾಯ್.

1929ರಲ್ಲಿ ಅಚ್ಚಾದ ಆ ಮೊದಲ ಪಾಪಾಯ್ ಚಿತ್ರಗಳ ಕೃತಿಸ್ವಾಮ್ಯ ಅಮೆರಿಕದಲ್ಲಿ ಮುಗಿದದ್ದು 2025ರ ಜನವರಿ 1ರಂದು. ಅಷ್ಟರಲ್ಲಿ ಸೀಗರ್ ತೀರಿಕೊಂಡು 86 ವರ್ಷಗಳಾಗಿದ್ದವು.