ನಿಜಾಮರ ಫೋಟೋಗ್ರಾಫರ್ ರಾಜಾ ದೀನ್ ದಯಾಳ್

ನಮ್ಮ ಕಾಲೇಜಿನ ಫೋಟೋ ಸ್ಪರ್ಧೆಗೆ ಈ ಸಲ ಒಂದು ವಿಚಿತ್ರ ನಿಯಮ ಇತ್ತು. ಮಹಮೂದ್ ಗವಾನ್ ಮದರಸಾದಲ್ಲಿ ಒಬ್ಬರು ಮೊಬೈಲಿನಿಂದ ಎಂಟೇ ಫೋಟೋ ತೆಗೆಯಬೇಕು. ಅಳಿಸುವಂತಿಲ್ಲ, ಕಾಲೇಜಿಗೆ ಮರಳುವವರೆಗೆ ತೆರೆದು ನೋಡುವಂತೆಯೂ ಇಲ್ಲ. ರೀಲ್ ಕ್ಯಾಮೆರಾ ಕಾಲದವರು ಹೀಗೇ ಕಲಿತದ್ದು ಎಂದು ಸರ್ ಹೇಳಿದರು. ಭಾಲ್ಕಿ, ಔರಾದ್ ಕಡೆಯಿಂದ ಬಸ್ಸಿನಲ್ಲಿ ಬರುವ ಗೆಳತಿಯರಿಗೂ ನನಗೂ ಇದು ಶಿಕ್ಷೆಯಂತೆ ಕಂಡಿತು. ಮೊಬೈಲಿನಲ್ಲಿ ಖರ್ಚೇ ಇಲ್ಲದಿರುವಾಗ ಲೆಕ್ಕ ಏಕೆ? ರಾಜಾ ದೀನ್ ದಯಾಳ್ ಅವರ ಜೀವನ ಓದಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಅವರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದಲ್ಲಿ, ಜೈನ ಮನೆತನದಲ್ಲಿ. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತು 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆ ಸೇರಿದರು. ನಕ್ಷೆ ಬರೆಯುವುದು, ಕಟ್ಟಡದ ಖರ್ಚಿನ ಅಂದಾಜು ಹಾಕುವುದು ಅವರ ಕೆಲಸ. ಕ್ಯಾಮೆರಾ ಹಿಡಿದದ್ದು 1874ರಲ್ಲಿ, ಮೂವತ್ತನೇ ವಯಸ್ಸಿನಲ್ಲಿ.

ಆಗ ಕ್ಯಾಮೆರಾ ಎಂದರೆ ಮೂರು ಕಾಲಿನ ಮೇಲೆ ನಿಲ್ಲಿಸುವ ದೊಡ್ಡ ಮರದ ಪೆಟ್ಟಿಗೆ. ರೀಲ್ ಕೂಡ ಇಲ್ಲ, ಗಾಜಿನ ಪ್ಲೇಟು. ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಹಳೆಯ ವಿಧಾನದಲ್ಲಿ ಪ್ಲೇಟಿಗೆ ಔಷಧ ಹಚ್ಚಿ, ಅದು ಒಣಗುವ ಮೊದಲೇ ಫೋಟೋ ತೆಗೆದು ಕತ್ತಲಲ್ಲಿ ತೊಳೆಯಬೇಕಿತ್ತು. ಆಮೇಲೆ ಒಣ ಪ್ಲೇಟು ಬಂದು ಕೆಲಸ ಹಗುರವಾಯಿತು. ಆದರೂ ಒಂದು ಪ್ಲೇಟು ಕೆಟ್ಟರೆ ಹಣವೂ ಹೋಯಿತು, ಹೊತ್ತೂ ಹೋಯಿತು. ಕಾಮರ್ಸ್ ಓದುವ ನನಗೆ ಈ ಲೆಕ್ಕ ಬೇಗ ಅರ್ಥವಾಯಿತು. ಅವರ ಕಟ್ಟಡದ ಫೋಟೋಗಳಲ್ಲಿ ಗೋಡೆ, ಕಂಬ ಎಲ್ಲ ನೆಟ್ಟಗೆ ನಿಂತಿರುತ್ತವೆ. ನಕ್ಷೆ ಬರೆದ ಕೈ ಎಂದು ನೋಡಿದರೇ ತಿಳಿಯುತ್ತದೆ. ಸ್ಟುಡಿಯೋದ ನೆಗೆಟಿವ್‌ಗಳಿಗೆ ನಂಬರು ಹಾಕಿ ಇಡುತ್ತಿದ್ದರು. ನನ್ನ ಮೊಬೈಲಿನಲ್ಲಿ ಅಮ್ಮಿಯ ಒಂದು ಫೋಟೋ ಹುಡುಕಲು ಅರ್ಧ ಗಂಟೆ ಬೇಕು.

1882ರಲ್ಲಿ ಬ್ರಿಟಿಷ್ ಅಧಿಕಾರಿ ಲೆಪೆಲ್ ಗ್ರಿಫಿನ್ ಜೊತೆ ಮಧ್ಯ ಭಾರತ ಸುತ್ತಿ ಗ್ವಾಲಿಯರ್, ಖಜುರಾಹೊಗಳ ಫೋಟೋ ತೆಗೆದರು. ಅವು 1886ರಲ್ಲಿ ಪುಸ್ತಕವಾದವು. ನೌಕರಿ ಬಿಟ್ಟು ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಆರನೇ ನಿಜಾಮ್ ಮೀರ್ ಮಹಬೂಬ್ ಅಲಿ ಖಾನ್ ಅವರನ್ನು ಆಸ್ಥಾನದ ಫೋಟೋಗ್ರಾಫರ್ ಮಾಡಿಕೊಂಡರು. ನಮ್ಮ ಬೀದರ್ ಆಗ ಅದೇ ನಿಜಾಮರ ಸಂಸ್ಥಾನದಲ್ಲಿತ್ತು. 1894ರಲ್ಲಿ ಅವರಿಗೆ ರಾಜಾ ಮುಸವ್ವಿರ್ ಜಂಗ್ ಬಹಾದ್ದೂರ್ ಎಂಬ ಬಿರುದು ಸಿಕ್ಕಿತು. ಮುಸವ್ವಿರ್ ಎಂದರೆ ಚಿತ್ರ ಬರೆಯುವವನು. ಉರ್ದು ಮನೆಯವಳಾದ ನಾನು ಇದಕ್ಕೆ ನಿಘಂಟು ನೋಡಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1892ರ ಸಂಗತಿ. ಪರ್ದಾದಲ್ಲಿರುವ ಹೆಂಗಸರಿಗಾಗಿ ಅವರು ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಅಲ್ಲಿ ಫೋಟೋ ತೆಗೆಯುತ್ತಿದ್ದವರು ಒಬ್ಬ ಬ್ರಿಟಿಷ್ ಮಹಿಳೆ. ನನ್ನ ನಾನಿಯ ಮದುವೆಯ ಒಂದು ಫೋಟೋ ಕೂಡ ಇಲ್ಲ, ಏಕೆಂದರೆ ಬಂದಿದ್ದ ಫೋಟೋದವರು ಗಂಡಸು. ನೂರು ವರ್ಷ ಹಿಂದೆಯೇ ಒಬ್ಬರು ಇದಕ್ಕೆ ದಾರಿ ಮಾಡಿದ್ದರು ಎಂದಾಗ ನಾನಿ ನಂಬಲಿಲ್ಲ. ಕಾಲೇಜಿನಲ್ಲಿ ಹುಡುಗಿಯರು ಫೋಟೋಗ್ರಫಿ ಏಕೆ ಕಲಿಯಬೇಕು ಎಂದು ಕೇಳುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ದೀನ್ ದಯಾಳ್ 1905ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಕೊಂಡು ಇಟ್ಟುಕೊಂಡಿದೆ.

ಸ್ಪರ್ಧೆಯಲ್ಲಿ ನನಗೆ ಬಹುಮಾನ ಬರಲಿಲ್ಲ. ಎಂಟರಲ್ಲಿ ಐದನ್ನು ಮದರಸಾದ ಉಳಿದಿರುವ ಒಂದೇ ಮಿನಾರಿಗೆ ಖರ್ಚು ಮಾಡಿದೆ. ನಾಲ್ಕು ಓರೆಯಾಗಿವೆ. ಐದನೆಯದು ನೆಟ್ಟಗಿದೆ, ಆದರೆ ಮೂಲೆಯಲ್ಲಿ ನನ್ನ ಬೆರಳು ಬಂದಿದೆ.